ಡಬ್ಬಿಯ ಮೇಲಿನ ಹಲ್ಲು

ಆ ಊರಿನ ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ನಿಂತು ಮಕ್ಕಳ ದಂತ ವಿಭಾಗ ಎಲ್ಲಿ ಎಂದು ಕೇಳಿದರೆ ಯಾರಿಗೂ ತಕ್ಷಣ ಹೊಳೆಯುತ್ತಿರಲಿಲ್ಲ. ಹಲ್ಲಕ್ಕ ಎಲ್ಲಿದ್ದಾರೆ ಎಂದರೆ ಮಾತ್ರ ಕಸ ಗುಡಿಸುವವರಿಂದ ಹಿಡಿದು ಎದೆಯ ಡಾಕ್ಟರವರೆಗೆ ಎಲ್ಲರೂ ಕೈ ತೋರಿಸುತ್ತಿದ್ದರು. ಔಷಧ ಕೊಡುವ ಕಿಟಕಿ ದಾಟಿ ಎಡಕ್ಕೆ ತಿರುಗಿ, ಲವಂಗದ ಎಣ್ಣೆಯ ವಾಸನೆ ಬಂದಲ್ಲಿ ನಿಲ್ಲಿ, ಅಷ್ಟೇ.

ಹಲ್ಲಕ್ಕ ಎಂದು ಹೆಸರಿಟ್ಟದ್ದು ಮಕ್ಕಳು. ಆಕೆ ಗಿಡ್ಡನೆಯ ಹೆಂಗಸು. ಕೈಬೆರಳುಗಳು ಇನ್ನೂ ಗಿಡ್ಡ. ಬಾಯಿ ಬಿಡು ಎಂದು ಯಾವ ಮಗುವಿಗೂ ಆಕೆ ಹೇಳಿದವಳಲ್ಲ. ತಾನೇ ಪುಟ್ಟ ಸ್ಟೂಲಿನ ಮೇಲೆ ಕೂತು ಬಾಯಿ ಅಗಲಿಸಿ, ಮೊದಲು ನನ್ನ ಹಲ್ಲು ನೀನು ನೋಡು, ಆಮೇಲೆ ನಿನ್ನದು ನಾನು ನೋಡುತ್ತೇನೆ ಎನ್ನುತ್ತಿದ್ದಳು. ಮಕ್ಕಳು ಟಾರ್ಚು ಹಿಡಿದು ಆಕೆಯ ಬಾಯೊಳಗೆ ಇಣುಕಿ, ಹಿಂದಿನ ದವಡೆಯಲ್ಲಿ ಒಂದು ಹಲ್ಲಿಲ್ಲ ಎಂದು ಪತ್ತೆ ಮಾಡಿ, ಉಜ್ಜಲಿಲ್ಲವಾ ಎಂದು ಗದರುತ್ತಿದ್ದವು. ಆಕೆ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದಳು. ಬೈದು ಮುಗಿಸುವಷ್ಟರಲ್ಲಿ ಮಗುವಿನ ಬಾಯಿಯೂ ತೆರೆದಿರುತ್ತಿತ್ತು.

ಹಲ್ಲಕ್ಕನ ಅಪ್ಪ ಬೀಗ ರಿಪೇರಿಯವನು. ಚಪ್ಪಲಿ ಅಂಗಡಿಗೂ ಮೆಟ್ಟಿಲಿಗೂ ನಡುವೆ ಒಬ್ಬನೇ ಕೂರುವಷ್ಟು ಜಾಗದಲ್ಲಿ ಅವನ ಅಂಗಡಿ. ಗೋಡೆಯ ತುಂಬ ಬೀಗದ ಕೈಗಳು ತೂಗಾಡುತ್ತಿದ್ದವು. ಶಾಲೆ ಬಿಟ್ಟ ಮೇಲೆ ಮಗಳು ಅಲ್ಲೇ ಕೂತು ಅರ ಹಿಡಿಯುವುದು ಕಲಿತಳು, ತಂತಿಯ ತುದಿಯಿಂದ ಬೀಗದ ಹೊಟ್ಟೆಯೊಳಗೆ ಏನಿದೆಯೆಂದು ಕಣ್ಣು ಮುಚ್ಚಿ ತಿಳಿಯುವುದು ಕಲಿತಳು. ಬೀಗದ ಜೊತೆ ಜಗಳ ಆಡಬಾರದು, ಮಾತಾಡಿಸಬೇಕು ಎಂಬುದು ಅವನ ಪಾಠ. ಅವಳಿಗೆ ದಂತ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಬಂದ ಗಿರಾಕಿಗಳಿಗೆಲ್ಲ ಅವನು ಹೇಳಿಕೊಂಡದ್ದು ಒಂದೇ ಮಾತು: ನಮ್ಮದು ಮನೆತನದ ಕಸುಬು, ನಾನು ಬಾಗಿಲ ಬೀಗ ತೆಗೆಯುತ್ತೇನೆ, ನನ್ನ ಮಗಳು ಬಾಯಿಯ ಬೀಗ ತೆಗೆಯುತ್ತಾಳೆ.

ಕಾಲೇಜಿನಲ್ಲಿ ಅವಳಿಗೆ ಕೈ ತಿದ್ದಿದವರು ಒಬ್ಬ ಹಿರಿಯ ಮೇಷ್ಟ್ರು. ಮೊದಲ ಸಲ ಹಲ್ಲು ಕೀಳುವಾಗ ಅವಳು ಇಕ್ಕಳವನ್ನು ಮುಷ್ಟಿ ಬಿಗಿದು ಹಿಡಿದು ಎಳೆಯತೊಡಗಿದ್ದಳು. ಮೇಷ್ಟ್ರು ಹಿಂದೆ ಬಂದು ನಿಂತು ಅವಳ ಮುಷ್ಟಿಯ ಮೇಲೆ ತಮ್ಮ ಕೈಯಿಟ್ಟು, ಎಳೆಯಬೇಡಮ್ಮ, ಅದೇ ಹೊರಗೆ ಬರೋ ಹಾಗೆ ಮಾಡು ಎಂದಿದ್ದರು. ಅಪ್ಪನ ಮಾತೇ ಬಿಳಿ ಕೋಟು ಹಾಕಿಕೊಂಡು ಬಂದಂತಾಗಿತ್ತು ಅವಳಿಗೆ. ಆವತ್ತಿನಿಂದ ಮೇಷ್ಟ್ರೆಂದರೆ ಅವಳಿಗೆ ಇನ್ನೊಬ್ಬ ತಂದೆಯೇ.

ಆಸ್ಪತ್ರೆಗೆ ಸೇರಿದ ಹೊಸತರಲ್ಲಿ ಬರುತ್ತಿದ್ದವರು ಬಿದ್ದು ಹಲ್ಲು ಮುರಿದುಕೊಂಡ ತುಂಟರು, ಹಾಲುಹಲ್ಲು ಬೀಳದೆ ಅಡ್ಡಹಲ್ಲು ಬಂದ ಶಾಲೆಯ ಮಕ್ಕಳು. ಬರಬರುತ್ತ ಬೆಂಚಿನ ಮೇಲೆ ಬೇರೆಯೇ ಮಕ್ಕಳು ಕಾಣತೊಡಗಿದರು. ನೆಟ್ಟಗೆ ಮಾತು ಬಾರದ ಕೂಸುಗಳು. ಮುಂದಿನ ಹಲ್ಲು ಬುಡದವರೆಗೂ ಕರಿದಾಗಿ, ಉರಿದು ಉಳಿದ ಬೆಂಕಿಕಡ್ಡಿಯ ತುಂಡುಗಳ ಹಾಗೆ. ಕೀವು ತುಂಬಿದ ಒಸಡು, ಜ್ವರ, ನಿದ್ದೆಯಿಲ್ಲದ ತಾಯಂದಿರು. ಅಷ್ಟು ಚಿಕ್ಕವರಿಗೆ ಎಚ್ಚರವಿದ್ದಾಗ ಹಲ್ಲು ಕೀಳುವುದಾಗದು. ಹಾಗಾಗಿ ಶನಿವಾರದ ಬೆಳಗಿನ ಹೊತ್ತು ಆಪರೇಷನ್ ಕೋಣೆಯನ್ನು ಹಲ್ಲಕ್ಕನಿಗೆಂದೇ ಬಿಟ್ಟುಕೊಟ್ಟರು. ಮೊದಲು ಒಂದಿಬ್ಬರು ಇರುತ್ತಿದ್ದ ಕಡೆ ಆಮೇಲೆ ತಿಂಗಳುಗಟ್ಟಲೆ ಕಾಯುವ ಸಾಲು ಬೆಳೆಯಿತು.

ಅಂಥ ಒಂದು ದಿನ ಬಂದವಳು ಇಸ್ತ್ರಿ ಅಂಗಡಿಯವಳು, ಕಂಕುಳಲ್ಲಿ ಮೂರು ವರ್ಷದ ಮಗಳನ್ನು ಎತ್ತಿಕೊಂಡು. ಹಲ್ಲಕ್ಕ ನೋಡಿದಳು. ಮೇಲಿನ ಸಾಲಿನ ಮುಂದಿನ ಹಲ್ಲು ಒಂದನ್ನೂ ಉಳಿಸುವಂತಿರಲಿಲ್ಲ. ಮಲಗುವಾಗ ಏನು ಕೊಡುತ್ತೀರಿ ಎಂದು ಎಲ್ಲರನ್ನೂ ಕೇಳುವಂತೆ ಕೇಳಿದಳು. ಬೇರೆ ತಾಯಂದಿರಾದರೆ ಮಿಠಾಯಿಯ ವಿಷಯ ಮುಚ್ಚಿಡುತ್ತಿದ್ದರು. ಇವಳು ಹೆಮ್ಮೆಯಿಂದ ಚೀಲಕ್ಕೆ ಕೈ ಹಾಕಿ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಹಾಲಿಗೆ ಬೆರೆಸುವ ಪುಡಿ. ಮಗು ಮಲಗುವ ಮುಂಚೆ ಸೀಸೆಯಲ್ಲಿ ಕೊಡಿ, ಎಲುಬು ಗಟ್ಟಿ, ಹಲ್ಲು ಗಟ್ಟಿ ಎಂದು ಬರೆದಿತ್ತು. ಅದರ ಪಕ್ಕದಲ್ಲಿ ಬ್ರಷ್ಷು ಹಿಡಿದು ನಗುವ ಒಂದು ಬಿಳಿ ಹಲ್ಲಿನ ಚಿತ್ರ, ಕೆಳಗೆ ‘ದಂತವೈದ್ಯರ ಸಂಘ ಮೆಚ್ಚಿದ್ದು’ ಎಂಬ ಮುದ್ರೆ.

“ಬೇರೆ ಖರ್ಚೆಲ್ಲ ಬಿಗಿ ಹಿಡಿದು ಇದನ್ನ ತರ್ತೀನಿ ಡಾಕ್ಟ್ರೇ. ನಿಮ್ಮೋರೇ ಒಳ್ಳೇದು ಅಂತ ಮುದ್ರೆ ಒತ್ತಿದಾರಲ್ಲ,” ಎಂದಳು ಅವಳು. “ಮತ್ಯಾಕೆ ನನ್ನ ಮಗೂಗೆ ಹೀಗಾಯ್ತು?”

ಹಲ್ಲಕ್ಕ ಆ ಸಂಘದ ಸದಸ್ಯೆ. ವರ್ಷಕ್ಕೊಮ್ಮೆ ಸಭೆಗೆ ಹೋಗಿ ಊಟ ಮಾಡಿ ಬರುತ್ತಿದ್ದಳೇ ಹೊರತು ಸಂಘ ಏನು ಮೆಚ್ಚುತ್ತದೆ, ಏನು ಬಿಡುತ್ತದೆ ಎಂದು ತಲೆ ಕೆಡಿಸಿಕೊಂಡವಳಲ್ಲ. ಆವತ್ತು ಡಬ್ಬಿಯನ್ನು ಎತ್ತಿ ಆ ಮುದ್ರೆಯನ್ನು ಹತ್ತಿರದಿಂದ ನೋಡಿದಳು. ಮಗುವಿಗೆ ನೋವಿನ ಔಷಧ ಬರೆದುಕೊಟ್ಟು, ಶನಿವಾರದ ಸಾಲಿಗೆ ಸೇರಿಸಿ, ಆ ಡಬ್ಬಿ ಇಲ್ಲೇ ಇರಲಿ ಎಂದು ಕೇಳಿ ಇಟ್ಟುಕೊಂಡಳು.

ಸಂಘದ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಅದೇ ಮೇಷ್ಟ್ರು. ಡಬ್ಬಿ ಹಿಡಿದು ಅವರ ಮನೆಗೇ ಹೋದಳು. ಅವರು ಪ್ರೀತಿಯಿಂದ ಕೂರಿಸಿ ಎಲ್ಲ ವಿವರಿಸಿದರು. ಸಂಘದ ಸಮ್ಮೇಳನ ನಡೆಯುವುದು ಆ ಕಂಪನಿಯಿಂದ, ಹಳ್ಳಿಗಳಿಗೆ ಹೋಗುವ ಹಲ್ಲಿನ ವ್ಯಾನು ಕಂಪನಿಯದ್ದು, ಶಾಲೆಗಳಲ್ಲಿ ಹಂಚುವ ಪುಸ್ತಿಕೆಯನ್ನು ಅಚ್ಚು ಹಾಕಿಸುವುದೂ ಕಂಪನಿಯೇ. ಮುದ್ರೆಯೆಂದರೆ ಡಬ್ಬಿಯ ಹಿಂದೆ ಹಲ್ಲುಜ್ಜುವ ಕ್ರಮವನ್ನು ಹಾಕಿದ್ದಕ್ಕೆ ಮೆಚ್ಚುಗೆ, ಪುಡಿಗಲ್ಲ.

“ತಪ್ಪು ಪುಡೀದಲ್ಲಮ್ಮ,” ಎಂದರು. “ಉಜ್ಜದೇ ಇರೋರದು.”

ಮೇಷ್ಟ್ರು ಕೈಗಿತ್ತ ಆ ಪುಸ್ತಿಕೆಯನ್ನು ಅವಳು ವಾಪಸು ಬರುವ ಬಸ್ಸಿನಲ್ಲಿ ಮೊದಲಿಂದ ಕೊನೆಯವರೆಗೆ ಓದಿದಳು. ಹೇಗೆ ಉಜ್ಜಬೇಕು, ಎಷ್ಟು ಹೊತ್ತು ಉಜ್ಜಬೇಕು, ಯಾವ ಬ್ರಷ್ಷು, ನಾಲಿಗೆ ಹೇಗೆ ತಿಕ್ಕಬೇಕು, ಎಲ್ಲ ಇತ್ತು. ಸಕ್ಕರೆ ಎಂಬ ಪದ ಮಾತ್ರ ದೀಪ ಹಿಡಿದು ಹುಡುಕಿದರೂ ಇರಲಿಲ್ಲ. ಕೊನೆಯ ಪುಟದ ಮೂಲೆಯಲ್ಲಿ, ಬರೆದವರು ಒಂದು ಪೌಷ್ಟಿಕ ಸಲಹಾ ಕೇಂದ್ರ ಎಂದಿತ್ತು. ಕೇಂದ್ರದ ವಿಳಾಸವೂ ಡಬ್ಬಿಯ ಮೇಲಿನ ವಿಳಾಸವೂ ಒಂದೇ. ಕುರಿ ಕಾಯಲು ತೋಳವನ್ನು ಇಟ್ಟಹಾಗಾಯಿತಲ್ಲ ಎಂದುಕೊಂಡಳು ಹಲ್ಲಕ್ಕ. ಅವಳಿಗೆ ಸಿಟ್ಟು ಬಂದದ್ದು ಕಂಪನಿಯ ಮೇಲಲ್ಲ. ವ್ಯಾಪಾರಿ ವ್ಯಾಪಾರ ಮಾಡುತ್ತಾನೆ. ಆದರೆ ತಾಯಂದಿರು ನಂಬಿದ್ದು ವ್ಯಾಪಾರಿಯನ್ನಲ್ಲ, ಬಿಳಿ ಕೋಟನ್ನು. ಅದು ತಾನು ದಿನಾ ತೊಡುವ ಕೋಟು.

ಹಲ್ಲಕ್ಕ ದೂರು ಹೇಳಿದ ಸುದ್ದಿ ಹೇಗೋ ಕಂಪನಿಗೆ ಮುಟ್ಟಿತು. ಒಂದು ಸಂಜೆ ಕಂಪನಿಯ ಪ್ರತಿನಿಧಿ ಬಿಸ್ಕತ್ತು, ರಸ್ಕು, ಪುಡಿ ಡಬ್ಬಿ ತುಂಬಿದ ಬುಟ್ಟಿ ಹೊತ್ತು ಮನೆಗೇ ಬಂದ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. ಈ ಸಲದ ವಾರ್ಷಿಕ ಸಭೆಯಲ್ಲಿ ಮುಖ್ಯ ಭಾಷಣ ನಿಮ್ಮದೇ ಆಗಬೇಕು ಮೇಡಂ ಎಂದ. ‘ಉಜ್ಜಿದರೆ ಚಿಂತೆಯಿಲ್ಲ’ ಎಂಬ ವಿಷಯ. ತೆರೆಯ ಮೇಲೆ ತೋರಿಸುವ ಚಿತ್ರಗಳನ್ನೂ ನಾವೇ ಸಿದ್ಧ ಮಾಡಿಟ್ಟಿದ್ದೇವೆ, ನೀವು ಓದಿದರೆ ಸಾಕು ಎಂದ. ಮುಂದೆ ಪರದೇಶದ ಸಮ್ಮೇಳನಕ್ಕೂ ಕಳಿಸುವ ಮಾತು ತೆಗೆದ.

ಅವನು ಮಾತಾಡುತ್ತಿದ್ದಷ್ಟು ಹೊತ್ತೂ ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು, ಮಕ್ಕಳಿಗೆಂದು ಮಾಡಿದ ರಸ್ಕನ್ನು ಚೀಪುತ್ತಿದ್ದಳು. ಅತ್ತೆಗೆ ಇರುವುದು ಕಟ್ಟಿಸಿದ ಹಲ್ಲು; ಅದನ್ನೂ ಸೊಸೆಯೇ ಕೂರಿಸಿಕೊಟ್ಟದ್ದು. ಚೀಪಿ ಚೀಪಿ ಕೊನೆಗೆ ಎರಡೂ ದವಡೆ ಅಂಟಿಕೊಂಡು, ಹಲ್ಲಿನ ಸೆಟ್ಟನ್ನೇ ಕೈಗೆ ತೆಗೆದು ಸೆರಗಲ್ಲಿ ಒರೆಸಿ ಬಂದವನ ಮುಖಕ್ಕೆ ಹಿಡಿದಳು.

“ನೋಡಪ್ಪಾ, ಹಲ್ಲಿಲ್ಲದ ನನಗೇ ಇಷ್ಟು ಕಾಟ ಕೊಡ್ತು ನಿನ್ನ ರಸ್ಕು,” ಎಂದಳು ಬೋಳು ಬಾಯಲ್ಲೇ. “ಹಲ್ಲು ಬರ್ತಿರೋ ಕೂಸಿನ ಗತಿ ಏನು?”

ಅವನು ನಗುತ್ತಲೇ ಎದ್ದ. ಹೋಗುವ ಮುಂಚೆ ಹಲ್ಲಕ್ಕ ಭಾಷಣಕ್ಕೆ ಒಪ್ಪಿದಳು. ಗಂಡ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವನು, ಮಾತು ಕಮ್ಮಿ. ಅವನಿಗೂ ತಡೆಯಲಾಗದೆ ಒಪ್ಪಿದ್ದೇಕೆ ಎಂದು ಕೇಳಿದ. ಮೈಕನ್ನು ಅವರೇ ಕೈಗೆ ಕೊಡುತ್ತಿರುವಾಗ ಬೇಡ ಎನ್ನಲು ನನಗೇನು ಹುಚ್ಚೇ ಎಂದಳು ಅವಳು.

ಆ ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ತಕ್ಕಡಿ ಬಂತು. ಗಂಡ ಡಬ್ಬಿಗಳ ಹಿಂದಿನ ಇರುವೆಸಾಲಿನಂಥ ಅಕ್ಷರ ಓದಿ ಲೆಕ್ಕ ಹಾಕಿದ. ಪುಡಿಯಲ್ಲಿ ಇಷ್ಟು, ರಸ್ಕಿನಲ್ಲಿ ಇಷ್ಟು, ಹಣ್ಣಿನ ರಸವೆಂದು ಹೇಳಿಕೊಳ್ಳುವ ಬಣ್ಣದ ನೀರಿನಲ್ಲಿ ಇಷ್ಟು. ಅಷ್ಟಷ್ಟು ಸಕ್ಕರೆಯನ್ನು ಅವಳು ಗಾಜಿನ ಸೀಸೆಗಳಿಗೆ ತುಂಬಿದಳು. ಪುಡಿ ಡಬ್ಬಿಯ ಸರದಿ ಬಂದಾಗ ಸಕ್ಕರೆ ಸೀಸೆಯ ಅರ್ಧ ದಾಟಿ ಏರಿತು. ಲೆಕ್ಕ ತಪ್ಪಿರಬೇಕೆಂದು ಗಂಡ ಮತ್ತೊಮ್ಮೆ ಕೂಡಿದ. ತಪ್ಪಿರಲಿಲ್ಲ. ಅತ್ತೆ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನನ್ನ ಮದುವೆಗೂ ಇಷ್ಟು ಸಕ್ಕರೆ ತಂದಿರಲಿಲ್ಲ ಎಂದಳು.

ಸೋಮವಾರ ಸೀಸೆಗಳು ಆಸ್ಪತ್ರೆಯಲ್ಲಿ ತಾಯಂದಿರು ಕಾಯುವ ಕೋಣೆಯ ಗೂಡಿನಲ್ಲಿ ಕೂತವು. ಪ್ರತಿ ಡಬ್ಬಿಯ ಪಕ್ಕ ಅದರೊಳಗಿನ ಸಕ್ಕರೆ. ಒಂದು ಅಕ್ಷರ ಬರೆದಿರಲಿಲ್ಲ, ಭಾಷಣವಿರಲಿಲ್ಲ. ತಾಯಂದಿರು ಮೊದಲು ಸುಮ್ಮನೆ ನೋಡಿದರು, ಆಮೇಲೆ ಎದ್ದು ಹತ್ತಿರ ಹೋಗಿ ನೋಡಿದರು, ಆಮೇಲೆ ತಮ್ಮ ಚೀಲದಲ್ಲಿದ್ದ ಪೊಟ್ಟಣವನ್ನು ಮೆಲ್ಲಗೆ ತೆಗೆದು ಗೂಡಿನದರ ಜೊತೆ ಹೋಲಿಸಿದರು. ಒಬ್ಬಳು, ನಾನೇ ತಂದೆ, ನಾನೇ ತಂದೆ ಎನ್ನುತ್ತ ಅಲ್ಲೇ ಅತ್ತುಬಿಟ್ಟಳು ಎಂದು ಹಿರಿಯ ನರ್ಸಮ್ಮ ಬಂದು ಹೇಳಿದರು. ತಂದೆ ಎಂದರೆ ಅಪ್ಪನಲ್ಲ, ಆ ಪುಡಿಯನ್ನು ಮನೆಗೆ ತಂದವಳು ತಾನೇ ಎಂಬ ಅರ್ಥ ಎಂದು ತಿಳಿಯಲು ಹಲ್ಲಕ್ಕನಿಗೆ ಒಂದು ಗಳಿಗೆ ಬೇಕಾಯಿತು.

ಸೀಸೆಗಳು ಅಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಆಸ್ಪತ್ರೆಯ ಮುಖ್ಯಸ್ಥರು ಕರೆಸಿದರು. ಅವರು ಕೆಟ್ಟವರಲ್ಲ, ಆದರೆ ನೀವು ದಿನಾ ಕೆಲಸ ಮಾಡುವ ಆ ಹೊಸ ಕುರ್ಚಿಗಳು ಯಾರು ಕೊಟ್ಟದ್ದು ಗೊತ್ತೇ ಎಂದು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಕುರ್ಚಿಯ ಕಾಲಿನ ಮೇಲೆ ಹಿತ್ತಾಳೆಯ ಪಟ್ಟಿಯಲ್ಲಿ ಕಂಪನಿಯ ಹೆಸರಿತ್ತು. ಅದು ಕಾಣುವುದು ನೆಲದ ಮೇಲೆ ಕೂತವರಿಗೆ ಮಾತ್ರ. ಸೀಸೆಗಳನ್ನು ತೆಗೆಯಬೇಕೆಂದು ಆಜ್ಞೆಯಾಯಿತು.

ಅವಳು ಟ್ರೇಯಲ್ಲಿ ಸೀಸೆಗಳನ್ನಿಟ್ಟುಕೊಂಡು ಕಾರಿಡಾರಿಗೆ ಬರುವಾಗ ಇಸ್ತ್ರಿ ಅಂಗಡಿಯವಳು ಎದುರಾದಳು. ಎಲ್ಲಿಗೆ ಎಂದಳು. ಮನೆಗೆ, ಇಲ್ಲಿ ಇಡಬಾರದಂತೆ ಎಂದಳು ಹಲ್ಲಕ್ಕ. ಅವಳು ಪುಡಿಯ ಸೀಸೆಯನ್ನು ಟ್ರೇಯಿಂದ ಎತ್ತಿಕೊಂಡಳು.

“ನನ್ನ ಅಂಗಡೀಲಿ ಇಡಬಾರದು ಅಂತ ಯಾರೂ ಹೇಳಿಲ್ವಲ್ಲ.”

ಬೆಂಚಿನ ಮೇಲಿದ್ದ ಕ್ಷೌರದಂಗಡಿಯವನ ಹೆಂಡತಿ ರಸ್ಕಿನದನ್ನು ತೆಗೆದುಕೊಂಡಳು. ಗಡಿಯಾರ ರಿಪೇರಿಯವನ ತಂಗಿ ಬಣ್ಣದ ನೀರಿನದನ್ನು ತೆಗೆದುಕೊಂಡಳು. ಬಾಗಿಲು ಮುಟ್ಟುವ ಹೊತ್ತಿಗೆ ಟ್ರೇ ಬರಿದು. ವಾರ ಕಳೆಯುವಷ್ಟರಲ್ಲಿ ಇಸ್ತ್ರಿ ಬಟ್ಟೆಯ ಗಂಟುಗಳ ಮುಂದೆ, ಕ್ಷೌರದ ಕನ್ನಡಿಯ ಕೆಳಗೆ, ಗಡಿಯಾರಗಳ ನಡುವೆ, ಹೊಲಿಗೆ ಯಂತ್ರದ ಪಕ್ಕ ಸಕ್ಕರೆಯ ಸೀಸೆಗಳು ಕಾಣಿಸಿಕೊಂಡವು. ನೋಡಿ ಹೋದವರು ತಮ್ಮ ಬೀದಿಯಲ್ಲಿ ತಾವೇ ತೂಗಿ ತುಂಬಿಸಿಟ್ಟರು. ಇರುವೆಗಳಿಗೂ ಸುದ್ದಿ ಮುಟ್ಟಿತ್ತು. ಮುಚ್ಚಳ ಬಿಗಿ ಮಾಡಬೇಕಾಯಿತು. ಕಂಪನಿ ಒಂದು ಗೂಡನ್ನು ಖಾಲಿ ಮಾಡಿಸಬಹುದು, ಬೀದಿಗೆ ಬೀದಿಯನ್ನು ಮಾಡಿಸಲು ಆದೀತೇ.

ಆದರೂ ಮುದ್ರೆ ಡಬ್ಬಿಯ ಮೇಲೆ ಹಾಗೇ ಇತ್ತು. ಅದನ್ನು ತೆಗೆಯಬಲ್ಲದ್ದು ಸಂಘ ಒಂದೇ. ಸಭೆಗೆ ಮುಂಚಿನ ಶನಿವಾರಕ್ಕೆ ಎರಡು ದಿನ ಇರುವಾಗ ಹಲ್ಲಕ್ಕ ಮೇಷ್ಟ್ರಿಗೆ ಫೋನು ಮಾಡಿ ಒಂದೇ ಒಂದು ಬೇಡಿಕೆ ಇಟ್ಟಳು: ಈ ಶನಿವಾರ ಬೆಳಗ್ಗೆ ಆಪರೇಷನ್ ಕೋಣೆಯಲ್ಲಿ ನನ್ನ ಜೊತೆ ನಿಲ್ಲಿ ಸರ್, ವಾದ ಮಾಡುವುದಿಲ್ಲ. ಮೇಷ್ಟ್ರು ಮಕ್ಕಳಿಗೆ ಚಿಕಿತ್ಸೆ ಮಾಡಿ ಎಷ್ಟೋ ಕಾಲವಾಗಿತ್ತು. ಶಿಷ್ಯೆ ಕರೆದಳೆಂದು ಬಂದರು. ಕೈ ತೊಳೆದು, ಹಸಿರು ಬಟ್ಟೆ ತೊಟ್ಟು ಮೇಜಿನ ಪಕ್ಕ ನಿಂತರು. ಆವತ್ತಿನ ಮೊದಲ ಮಗು ಇಸ್ತ್ರಿ ಅಂಗಡಿಯವಳ ಮಗಳು.

ಹಲ್ಲಕ್ಕ ಒಂದೊಂದೇ ಹಲ್ಲನ್ನು ಬಿಡಿಸಿ ಟ್ರೇಗೆ ಹಾಕಿದಳು. ಮೇಷ್ಟ್ರು ಹತ್ತಿಯಿಂದ ರಕ್ತ ಒತ್ತಿ ಹಿಡಿದರು. ಆ ಮಗು ಹೋಗಿ ಇನ್ನೊಂದು ಬಂತು, ಅದು ಹೋಗಿ ಮತ್ತೊಂದು. ಎಲ್ಲ ಮುಗಿದ ಮೇಲೆ ಮೇಷ್ಟ್ರು ಹಸಿರು ಬಟ್ಟೆ ಕಳಚಿ ಕೋಟು ತೊಟ್ಟು ಹೊರಗೆ ಬಂದಾಗ, ಎಚ್ಚರವಾಗುತ್ತಿದ್ದ ಮಗಳ ಪಕ್ಕದಲ್ಲಿ ಕೂತಿದ್ದ ಇಸ್ತ್ರಿ ಅಂಗಡಿಯವಳು ಎದ್ದು ನಿಂತು ಅವರಿಗೆ ಕೈ ಮುಗಿದು, ನಾನು ಉಜ್ಜಿಸ್ತಿದ್ದೆ ಡಾಕ್ಟ್ರೇ, ಎರಡು ಹೊತ್ತೂ ಉಜ್ಜಿಸ್ತಿದ್ದೆ ಎಂದಳು. ಅವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಯಾರು ಬಿಳಿ ಕೋಟು ತೊಟ್ಟು ಬಂದರೂ ಅವಳು ಅದನ್ನೇ ಹೇಳುತ್ತಿದ್ದಳು. ಮೇಷ್ಟ್ರು ಗೋಡೆ ಹಿಡಿದುಕೊಂಡು ಕಾರಿಡಾರಿನ ಕೊನೆಯವರೆಗೆ ನಡೆದುಹೋದರು.

ಸಭೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಹಿಂದೆ ಕಂಪನಿಯ ಬ್ಯಾನರು. ಅದರ ಮೇಲೆ ಆಳೆತ್ತರದ ನಗುವ ಹಲ್ಲು. ಹಿಂದಿನ ಸಾಲಿನಲ್ಲಿ ಗಂಡ, ಪಕ್ಕದಲ್ಲಿ ಹಟ ಹಿಡಿದು ಬಂದ ಅತ್ತೆ. ಪ್ರತಿನಿಧಿ ಚಿತ್ರಗಳ ಯಂತ್ರದ ಹತ್ತಿರ ಸಿದ್ಧನಾಗಿ ನಿಂತಿದ್ದ. ಹಲ್ಲಕ್ಕ ಮೈಕಿನ ಮುಂದೆ ಬಂದಳು. ಮೈಕು ಅವಳ ಹಣೆಯ ಮಟ್ಟಕ್ಕಿತ್ತು, ಯಾರೋ ಬಂದು ಇಳಿಸಿದರು. ಚಿತ್ರ ಬೇಡ, ದೀಪ ಹಾಕಿ ಎಂದಳು.

ಅವಳ ಭಾಷಣ ಚಿಕ್ಕದು. ಆಪರೇಷನ್ ಕೋಣೆಯಲ್ಲಿ ಶನಿವಾರಗಳಂದು ಏನು ನಡೆಯುತ್ತದೆಂದು ಹೇಳಿದಳು. ಉಜ್ಜುವುದು ಒಳ್ಳೆಯದೇ, ಆದರೆ ರಾತ್ರಿಯೆಲ್ಲ ಸಕ್ಕರೆಯ ಸೀಸೆ ಬಾಯಲ್ಲಿಟ್ಟುಕೊಂಡ ಕೂಸಿಗೆ ಬ್ರಷ್ಷು ಎಂದರೆ ಮನೆಗೆ ಬೆಂಕಿ ಹಚ್ಚಿ ಕೈಗೆ ಲೋಟ ನೀರು ಕೊಟ್ಟ ಹಾಗೆ ಎಂದಳು. ನಮ್ಮ ಮಕ್ಕಳ ಪುಸ್ತಿಕೆಯನ್ನು ಪುಡಿ ಮಾರುವವರು ಬರೆಯುತ್ತಿದ್ದಾರೆ, ಅದರಲ್ಲಿ ಸಕ್ಕರೆಯ ಹೆಸರಿಲ್ಲ ಎಂದಳು. ಕೊನೆಗೆ ಬ್ಯಾನರಿನ ಕಡೆ ತಿರುಗಿದಳು.

“ನಾನು ಇಷ್ಟು ವರ್ಷ ಪುಟ್ಟ ಪುಟ್ಟ ಹಲ್ಲು ಕಿತ್ತಿದೀನಿ. ಇವತ್ತು ಈ ದೊಡ್ಡ ಹಲ್ಲನ್ನ ಕೀಳಬೇಕು ಅಂತ ಬಂದಿದೀನಿ. ಆ ಮುದ್ರೆ ವಾಪಸ್ ತಗೊಳ್ಳೋಣ, ಇದು ನನ್ನ ಸೂಚನೆ.”

ಸೂಚನೆಗೆ ಅನುಮೋದನೆ ಬೇಕು. ಇನ್ನೊಬ್ಬ ಸದಸ್ಯರು ಎದ್ದು ನಿಲ್ಲಬೇಕು. ಯಾರೂ ಏಳಲಿಲ್ಲ. ಮುಂದಿನ ಸಾಲಿನವರು ತಮ್ಮ ಮಡಿಲಲ್ಲಿದ್ದ ಕಂಪನಿಯ ಚೀಲಗಳನ್ನು ನೋಡಿಕೊಂಡರು. ಹಲ್ಲಕ್ಕ ಮೈಕು ಬಿಟ್ಟು ಕದಲಲಿಲ್ಲ. ಹಿಂದಿನಿಂದ ಅತ್ತೆ, ನಾನು ನಿಲ್ಲಬಹುದಾ ಎಂದು ಗಟ್ಟಿಯಾಗಿಯೇ ಕೇಳಿದಳು. ಸದಸ್ಯರೇ ಆಗಬೇಕಮ್ಮ ಎಂದು ಗಂಡ ಪಿಸುಗುಟ್ಟಿದ. ಅಲ್ಲಲ್ಲಿ ನಗು ಎದ್ದಿತು.

ಆಗ ವೇದಿಕೆಯ ಮಧ್ಯದ ಕುರ್ಚಿಯಿಂದ ಮೇಷ್ಟ್ರು ಎದ್ದರು. ಅಧ್ಯಕ್ಷನ ಕುರ್ಚಿಯಲ್ಲಿ ಕೂತವನು ಅನುಮೋದಿಸುವಂತಿಲ್ಲ, ನಿಯಮ ಹಾಗಿದೆ ಎಂದರು. ಉಪಾಧ್ಯಕ್ಷರನ್ನು ಆ ಕುರ್ಚಿಯಲ್ಲಿ ಕೂರಿಸಿ, ವೇದಿಕೆಯ ಮೆಟ್ಟಿಲಿಳಿದು, ಸದಸ್ಯರ ಸಾಲಿಗೆ ಬಂದು ನಿಂತರು.

“ನಾನು ಅನುಮೋದಿಸ್ತೀನಿ,” ಎಂದರು. “ಹೋದ ಶನಿವಾರ ನನ್ನ ಕಣ್ಣಾರೆ ನೋಡಿದೀನಿ.”

ಅಷ್ಟು ಸಾಕಾಯಿತು. ಕೈ ಎತ್ತಿ ಎಂದಾಗ ಮೊದಲು ಹಿಂದಿನ ಸಾಲಿನ ಎಳೆಯ ಡಾಕ್ಟರುಗಳ ಕೈ ಎದ್ದವು, ಆಮೇಲೆ ಮಧ್ಯದವು, ಕೊನೆಗೆ ಮಡಿಲ ಚೀಲ ಕೆಳಗಿಟ್ಟು ಮುಂದಿನ ಸಾಲಿನವೂ. ಎಣಿಸುವ ಗೋಜೇ ಬೇಕಾಗಲಿಲ್ಲ. ಅತ್ತೆಯ ಕೈಯೂ ಎದ್ದಿತ್ತು. ಆವತ್ತು ಅದನ್ನು ಯಾರೂ ಇಳಿಸಲು ಹೋಗಲಿಲ್ಲ. ಮುದ್ರೆ ಹೋಯಿತು, ಅದರ ಬೆನ್ನಿಗೇ ಇನ್ನು ಮುಂದೆ ಸಂಘದ ಪುಸ್ತಿಕೆಯನ್ನು ಸಂಘವೇ ಬರೆಯಬೇಕೆಂಬ ಮಾತೂ ಪಾಸಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ನೋಡಿದರೆ ಊಟವಿಲ್ಲ. ಕಂಪನಿಯವರು ತಮ್ಮ ಬ್ಯಾನರಿನ ಜೊತೆಗೆ ಊಟದ ಡಬ್ಬಿಗಳನ್ನೂ ವ್ಯಾನಿಗೆ ತುಂಬಿಕೊಂಡು ಹೊರಟುಹೋಗಿದ್ದರು. ಊರಿನ ಹಲ್ಲಿನ ಡಾಕ್ಟರುಗಳೆಲ್ಲ ಸಭಾಂಗಣದ ಗೇಟಿನಲ್ಲಿ ನಿಂತು ಹುರಿಗಡಲೆಯ ಗಾಡಿಯವನನ್ನು ಮುತ್ತಿದರು. ಹಲ್ಲಿದ್ದವರಿಗೆ ಕಡಲೆಯಿಲ್ಲ ಎಂಬ ಗಾದೆ ಇವತ್ತಿಗೆ ಸುಳ್ಳಾಯಿತು ಎಂದು ಮೇಷ್ಟ್ರು ನಗುತ್ತ ಶಿಷ್ಯೆಯ ಕೈಗೆ ಪೊಟ್ಟಣ ಕೊಟ್ಟರು. ಅವರು ಅಷ್ಟು ಹಗುರಾಗಿ ನಕ್ಕಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಮುಂದೆ ಸುಲಭವಾಗಿಯೇನೂ ಇರಲಿಲ್ಲ. ಕಂಪನಿ ವಕೀಲರಿಂದ ನೋಟಿಸು ಕೊಡಿಸಿತು, ಸಂಘ ಬಗ್ಗಲಿಲ್ಲ. ಹಲ್ಲಿನ ವ್ಯಾನು ನಿಂತಿತು. ಕೆಲಕಾಲ ಎಳೆಯ ಡಾಕ್ಟರುಗಳು ಸ್ಕೂಟರಿನಲ್ಲಿ ಹೋದರು, ಆಮೇಲೆ ನಗರಸಭೆಯೇ ಒಂದು ವ್ಯಾನು ಕೊಟ್ಟಿತು. ಹೊಸ ಪುಸ್ತಿಕೆ ಒಂದೇ ಹಾಳೆಯದ್ದು. ಅದರ ಮೊದಲ ಸಾಲನ್ನು ಹಲ್ಲಕ್ಕ ಬರೆದಳು: ಮಲಗುವ ಮಗುವಿಗೆ ನೀರು ಸಾಕು. ಶಾಲೆಗಳ ಅಂಗಡಿಯಿಂದ ಬಣ್ಣದ ನೀರು ಹೊರಬಿತ್ತು. ಬೇರೆ ಊರುಗಳ ಡಾಕ್ಟರುಗಳು ನಿಮ್ಮಲ್ಲಿ ಹೇಗೆ ಮಾಡಿದಿರಿ ಎಂದು ಕೇಳತೊಡಗಿದರು. ಕೊನೆಗೆ ಒಂದು ದಿನ ಇಸ್ತ್ರಿ ಅಂಗಡಿಯವಳು ಕಿರಾಣಿ ಅಂಗಡಿಯಿಂದ ಹೊಸ ಡಬ್ಬಿಯೊಂದನ್ನು ತಂದು ತೋರಿಸಿದಳು, ಕೊಂಡು ಅಲ್ಲ, ಕೇಳಿ ಇಸಕೊಂಡು. ನಗುವ ಹಲ್ಲಿದ್ದ ಜಾಗ ಖಾಲಿಯಾಗಿತ್ತು. ಅದನ್ನು ಬೆರಳಿಂದ ಸವರಿ ನೋಡಿ, ವಾಪಸು ಕೊಟ್ಟು ಬರಲು ಓಡಿದಳು.

ಶನಿವಾರದ ಸಾಲು ಕರಗುತ್ತ ಬಂತು. ತಿಂಗಳುಗಟ್ಟಲೆಯ ಕಾಯುವಿಕೆ ವಾರದಲ್ಲಿ ಮುಗಿಯತೊಡಗಿತು. ಕೆಲ ಶನಿವಾರ ಒಂದೇ ಮಗು. ಹಲ್ಲಕ್ಕನ ತಲೆ ನರೆಯುವ ಹೊತ್ತಿಗೆ ಒಂದು ಶನಿವಾರ ನರ್ಸಮ್ಮ ಉಪಕರಣಗಳನ್ನೆಲ್ಲ ಕುದಿಸಿ ಜೋಡಿಸಿಟ್ಟು ಕಾದರು, ಯಾರೂ ಬರಲಿಲ್ಲ. ಮರುವಾರವೂ ಇಲ್ಲ. ಆಸ್ಪತ್ರೆಯ ಮುಖ್ಯಸ್ಥರು ಕರೆಸಿ, ತಲೆ ಕೆರೆದುಕೊಂಡು, ತಪ್ಪು ತಿಳಿಯಬೇಡಿ, ಶನಿವಾರ ಆ ಕೋಣೆ ಖಾಲಿ ಬೀಳುತ್ತಿದೆ, ಇನ್ನು ಮುಂದೆ ಕಿವಿಯ ಡಾಕ್ಟರಿಗೆ ಕೊಡಬೇಕಾಗಿದೆ ಎಂದರು.

ಹಲ್ಲಕ್ಕ ಅವರ ಎರಡೂ ಕೈ ಹಿಡಿದು ಕುಲುಕಿದಳು. ಅಧಿಕಾರ ಕಳೆದುಕೊಂಡು ಇಷ್ಟು ಹಿಗ್ಗುವವರನ್ನು ಅವರು ಕಂಡಿರಲಿಲ್ಲ. ಅವಳು ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡು, ಔಷಧದ ಕಿಟಕಿಯವರಿಗೆ, ಕಸ ಗುಡಿಸುವವರಿಗೆ, ಗೇಟಿನವನಿಗೆ, ಕಂಡ ಕಂಡವರಿಗೆಲ್ಲ ನನ್ನ ಶನಿವಾರ ಹೋಯಿತು ಎಂದು ಸಾರುತ್ತ ನಡೆದಳು. ಮಟಮಟ ಮಧ್ಯಾಹ್ನ ಮನೆಗೆ ಬಂದ ಸೊಸೆಯನ್ನು ನೋಡಿ ಅತ್ತೆ ಗಾಬರಿಯಾಗಿ, ಏನಾಯ್ತೇ ಎಂದಳು.

“ಏನೂ ಆಗಿಲ್ಲ ಅತ್ತೆ,” ಎಂದಳು ಹಲ್ಲಕ್ಕ, ಚಪ್ಪಲಿಯನ್ನು ಮೂಲೆಗೆ ಒಗೆದು. “ಕೀಳೋಕೆ ಹಲ್ಲೇ ಇಲ್ಲ.”